ಅಮುಕನ ಏಣಿ

"ಅಮ್ಮಾ, ಬದರಿ ಮಾಮನ ದೇವರಿಗೆ ಇಂಗ್ಲಿಷ್ ಮಾತ್ರ ಬರೋದಾ?"

ಹಿತ್ತಲ ಬಾಗಿಲಲ್ಲಿ ಹಾಲಿನ ಲೋಟ ಹಿಡಿದು ಕೂತಿದ್ದ ಭಾಮಾ ಹೀಗೆ ಕೇಳಿದಾಗ ವಾರಿಜಾಗೆ ಉತ್ತರ ಹೇಳುವ ಪುರುಸೊತ್ತಿರಲಿಲ್ಲ. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. ನಲ್ಲಿ ನಿಂತುಹೋಗುವ ಮೊದಲು ಹಂಡೆ ತುಂಬಬೇಕಿತ್ತು. ಗಂಡ ತಿರುಮಲೇಶ ಆಫೀಸಿನ ಕೋಟಿನ ಗುಂಡಿ ಎಲ್ಲಿ ಬಿತ್ತೆಂದು ನಡುಮನೆಯಲ್ಲಿ ಮಂಡಿಯೂರಿ ಹುಡುಕುತ್ತಿದ್ದ. ಇವೆಲ್ಲದರ ನಡುವೆ ಹಿತ್ತಲ ಕೋಣೆಯಿಂದ ಆ ದನಿ ನಿಲ್ಲದೆ ಬರುತ್ತಿತ್ತು.

"ಡೀ ಬೈ ಡೀಎಕ್ಸ್ ಆಫ್ ಎಕ್ಸ್ ಕ್ಯೂ...ಬ್, ಈಸ್ ತ್ರೀ ಎಕ್ಸ್ ಸ್ಕ್ವೇ...ರ್."

'ಡೀ' ಎನ್ನುವಾಗ ಸ್ವರ ಇಳಿಯುತ್ತಿತ್ತು, 'ಕ್ಯೂಬ್' ಎನ್ನುವಾಗ ಏರುತ್ತಿತ್ತು, 'ಸ್ಕ್ವೇರ್' ಬಂದಾಗ ಗಂಟೆಯ ನಾದದ ಹಾಗೆ ಒಂದು ಗಳಿಗೆ ನಿಂತು ಕರಗುತ್ತಿತ್ತು. ಬೀದಿಯಲ್ಲಿ ಹೋಗುವವರು ಯಾರಾದರೂ ಕೇಳಿದರೆ ಆ ಮನೆಯಲ್ಲಿ ರುದ್ರಾಭಿಷೇಕ ನಡೆಯುತ್ತಿದೆ ಎಂದೇ ತಿಳಿಯಬೇಕು.

"ಅದು ದೇವರಲ್ಲ ಕಣೇ, ಕ್ಯಾಲ್ಕುಲಸ್ಸು," ಎಂದಳು ವಾರಿಜಾ, ಬೇಳೆಯ ನೊರೆ ತೆಗೆಯುತ್ತ.

"ಅದು ಯಾವ ದೇವರ ಹೆಂಡತಿ?"

ವಾರಿಜಾ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. ಮಗುವಿನ ಮೇಲೆ ಸಿಟ್ಟಾಗುವ ಹಾಗಿರಲಿಲ್ಲ. ಸಿಟ್ಟೆಲ್ಲ ಆ ಕೋಣೆಯಲ್ಲಿ ಕಣ್ಣುಮುಚ್ಚಿ, ಪದ್ಮಾಸನ ಹಾಕಿ ಕುಳಿತವನ ಮೇಲೆ.

ಜಯನಗರದಲ್ಲಿ ಆಗಿನ್ನೂ ಮನೆಗಿಂತ ಸೈಟುಗಳೇ ಜಾಸ್ತಿ. ತಿರುಮಲೇಶ ಸಾಲಸೋಲ ಮಾಡಿ ಕಟ್ಟಿಸಿದ ಪುಟ್ಟ ಮನೆಯ ಹಿಂದೆ ಒಂದು ಒಂಟಿ ಕೋಣೆಯಿತ್ತು. ಬದರಿನಾಥ ಅಲ್ಲಿಗೆ ಬಂದದ್ದು ವಾರಿಜಾಳ ತವರಿನ ಕಡೆಯಿಂದ. ಅವನ ತಂದೆ ಕನಕಪುರದ ಆಚೆಯ ಹಳ್ಳಿಯೊಂದರಲ್ಲಿ ಪುರೋಹಿತರು. ವಾರಿಜಾಳ ಮದುವೆಯ ಮಂತ್ರ ಹೇಳಿದ್ದೂ ಅವರೇ. "ಹುಡುಗ ಓದಲಿ, ಒಂದು ಮೂಲೆ ಕೊಡಮ್ಮ," ಎಂದು ಅವರು ಕೇಳಿದಾಗ ಇಲ್ಲವೆನ್ನಲಾಗಲಿಲ್ಲ. ಊಟಕ್ಕೆ ವಾರಾನ್ನ. ದಿನಕ್ಕೊಂದು ಮನೆಯಂತೆ ಬಸವನಗುಡಿಯಲ್ಲೂ ಜಯನಗರದಲ್ಲೂ ಅವನಿಗೆ ಎಲೆ ಹಾಕುವವರಿದ್ದರು. ಗುರುವಾರ ವಾರಿಜಾಳ ಮನೆಯದು.

ಬದರಿಯನ್ನು ದಡ್ಡ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಏಳು ವರ್ಷಕ್ಕೆ ಮುಂಜಿಯಾದ ಮರುದಿನದಿಂದ ಅಪ್ಪ ಬೆಳಗಿನ ಚಳಿಯಲ್ಲಿ ಎದುರು ಕೂರಿಸಿಕೊಂಡು ವೇದ ಹೇಳಿಕೊಟ್ಟಿದ್ದರು. ಒಮ್ಮೆ ಕೇಳಿದರೆ ಸಾಕು, ಜನ್ಮಕ್ಕೆ ಬಂತು. ಹೈಸ್ಕೂಲಿಗೆ ಸೇರಿದ ಮೇಲೂ ಅದೇ ಕೈಹಿಡಿಯಿತು. ಚರಿತ್ರೆಯ ಪುಸ್ತಕವನ್ನು ಮುನ್ನುಡಿಯಿಂದ ಹಿಡಿದು ಮುದ್ರಕರ ವಿಳಾಸದವರೆಗೆ ಹೇಳುತ್ತಿದ್ದ. ಇಂಟರ್‌ಮೀಡಿಯೆಟ್ ಹಾಗೇ ದಾಟಿತು. ಬಿ.ಎಸ್ಸಿ.ಯಲ್ಲಿ ಫಿಸಿಕ್ಸೂ ಕೆಮಿಸ್ಟ್ರಿಯೂ ಹಾಗೇ ದಾಟಿದವು. ಗಣಿತ ಮಾತ್ರ ಎರಡು ಸಲ ಕೈಕೊಟ್ಟಿತು.

ಎರಡನೆಯ ಸಲ ಹೇಗೆ ಕೈಕೊಟ್ಟಿತೆಂದು ಅವನು ಒಂದು ಗುರುವಾರ ಸಾರನ್ನ ಕಲಸುತ್ತ ತಾನೇ ಹೇಳಿದ್ದ.

"ಏಣಿ ಲೆಕ್ಕ ಕೊಟ್ಟಿದ್ರು ಅಕ್ಕ. ಗೋಡೆಗೆ ಒರಗಿಸಿರೋ ಏಣಿ. ಬುಡ ಜಾರ್ತಾ ಇದ್ರೆ ತುದಿ ಎಷ್ಟು ಬೇಗ ಇಳಿಯುತ್ತೆ ಅಂತ. ನಂಗೆ ಅದು ಕಂಠಪಾಠ ಇತ್ತು. ಒಂದಕ್ಷರ ಬಿಡದೆ ಬರೆದೆ."

"ಮತ್ತೆ?"

"ಪುಸ್ತಕದಲ್ಲಿ ಹದಿಮೂರು ಅಡಿ ಏಣಿ. ಅವರು ಇಪ್ಪತ್ತೈದು ಅಡೀದು ಕೊಟ್ಟಿದ್ರು."

"ನೀನು?"

"ಹದಿಮೂರು ಅಡೀದೇ ಬರೆದೆ."

ತಿರುಮಲೇಶ ಮಜ್ಜಿಗೆ ನೆತ್ತಿಗೇರಿ ಕೆಮ್ಮಿದ. ವಾರಿಜಾ ಬಡಿಸುತ್ತಿದ್ದ ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತುಬಿಟ್ಟಳು. "ಅಲ್ವೋ, ಪ್ರಶ್ನೆ ಓದಲಿಲ್ವಾ ನೀನು?"

"ಓದಿದೆ ಅಕ್ಕ. ಅಚ್ಚಿನ ತಪ್ಪು ಅಂದ್ಕೊಂಡೆ."

ಈಗ ಮೂರನೆಯ ಸಲ, ಅದೇ ಕಡೆಯ ಸಲ. ವಿಶ್ವವಿದ್ಯಾನಿಲಯ ಹಳೆಯ ಪದ್ಧತಿಯನ್ನು ಮುಗಿಸುತ್ತಿತ್ತು. ಹಳಬರಿಗೆ ಈ ಮಾರ್ಚಿ ಪರೀಕ್ಷೆಯೇ ಕೊನೆ. ತಪ್ಪಿದರೆ ಹೊಸಬರ ಜೊತೆ ಮೊದಲಿನಿಂದ ಶುರುಮಾಡಬೇಕು. ಅದಕ್ಕೆ ಅವನ ಅಪ್ಪನ ಕೈಯಲ್ಲಿ ಶಕ್ತಿಯಿರಲಿಲ್ಲ. ಪಾಸಾದರೆ ಪರಿಚಯದವರ ಶಾಲೆಯೊಂದರಲ್ಲಿ ಮೇಷ್ಟರ ಕೆಲಸ ಕಾದಿತ್ತು. ಆಗದಿದ್ದರೆ ಪುಸ್ತಕ ಮುಚ್ಚಿ ಪಂಚಾಂಗ ತೆರೆಯುತ್ತೇನೆಂದು ಅವನೇ ಅಪ್ಪನಿಗೆ ಮಾತು ಕೊಟ್ಟು ಬಂದಿದ್ದ.

ತಿರುಮಲೇಶನಿಗೆ ಕೆಮ್ಮು ನಿಂತ ಮೇಲೆ ಉದಾರಬುದ್ಧಿ ಬಂತು. "ನಮ್ಮನೇಲೇ ಇದಾಳಲ್ಲಯ್ಯಾ ಒಬ್ಬಳು! ಜೂನಿಯರ್ ಬಿ.ಎಸ್ಸಿ.ಲಿ ಮ್ಯಾಥ್ಸಿಗೆ ಬಹುಮಾನ ಹೊಡೆದೋಳು. ಇವಳು ಹೇಳಿಕೊಡ್ತಾಳೆ ಬಿಡು."

"ನೀವು ಹೇಳಿಬಿಟ್ರಾಯ್ತಾ? ಮನೆ ಕೆಲಸ ಯಾರು ಮಾಡ್ತಾರೆ?" ಎಂದಳು ವಾರಿಜಾ. ಹಾಗೆಂದರೂ ಆ ಮಧ್ಯಾಹ್ನ ಅಟ್ಟದ ಟ್ರಂಕಿನಿಂದ ತನ್ನ ಹಳೆಯ ಪುಸ್ತಕ ಇಳಿಸಿ ಧೂಳು ಒರೆಸಿದಳು. ಮದುವೆ ಗೊತ್ತಾದ ವರ್ಷ ಮುಚ್ಚಿಟ್ಟ ಪುಸ್ತಕ. ಪುಟಗಳಿಂದ ನುಸಿಗುಳಿಗೆಯ ವಾಸನೆ ಬಂತು. ಒಂದು ಲೆಕ್ಕ ಮಾಡಿ ನೋಡಿದಳು, ಬಂತು. ಇನ್ನೊಂದು ಮಾಡಿದಳು. ಭಾಮಾ ನಿದ್ದೆಯಿಂದೆದ್ದು ಅತ್ತದ್ದು ಎಷ್ಟು ಹೊತ್ತಿಗೆ ಕಿವಿಗೆ ಬಿತ್ತೋ ಅವಳಿಗೇ ಗೊತ್ತಿಲ್ಲ.

ಪಾಠ ಅಡುಗೆಮನೆಯ ಬಾಗಿಲಲ್ಲಿ ಶುರುವಾಯಿತು. ವಾರಿಜಾ ಒಳಗೆ ಈಳಿಗೆಮಣೆಯ ಮೇಲೆ, ಬದರಿ ಹೊರಗೆ ಮಣೆಯ ಮೇಲೆ. ಜುಟ್ಟನ್ನು ಗಂಟುಹಾಕಿ ಟೋಪಿಯೊಳಗೆ ಅಡಗಿಸಿ, ಕಾಲೇಜಿಗೆ ಹೊರಟವನ ಹಾಗೆಯೇ ಶಿಸ್ತಾಗಿ ಬರುತ್ತಿದ್ದ.

"ಎಕ್ಸ್ ಕ್ಯೂಬ್‌ಗೆ ಏನು?"

"ತ್ರೀ ಎಕ್ಸ್ ಸ್ಕ್ವೇರ್." ಮಿಂಚಿನ ಹಾಗೆ.

"ಝೆಡ್ ಕ್ಯೂಬ್‌ಗೆ?"

ಬದರಿ ಟೋಪಿ ಸರಿಮಾಡಿಕೊಂಡ.

"ಅದು ಪುಸ್ತಕದಲ್ಲಿಲ್ಲ ಅಕ್ಕ."

"ಪುಸ್ತಕದಲ್ಲಿ ಇಲ್ದೆ ಇದ್ರೇನಾಯ್ತೋ? ಎಕ್ಸ್ ಇದ್ದ ಕಡೆ ಝೆಡ್ ಹಾಕು."

ಅವನ ಮುಖದಲ್ಲಿ ಮೂಡಿದ್ದು ಗೊಂದಲವಲ್ಲ, ಭಯ. ನಿಧಾನವಾಗಿ, ಇವಳಿಗೆ ನೋವಾಗಬಾರದೆನ್ನುವವನ ಹಾಗೆ ಹೇಳಿದ: "ಹಾಗೆಲ್ಲ ಅಕ್ಷರ ಬದಲಾಯಿಸಬಾರದು ಅಕ್ಕ. ಒಂದಕ್ಷರ ಆಚೀಚೆ ಆದ್ರೆ ಫಲ ಕೊಡಲ್ಲ, ಉಲ್ಟಾ ಹೊಡೆಯುತ್ತೆ ಅಂತಾರೆ ಅಪ್ಪ."

ವಾರಿಜಾ ಹೆಚ್ಚುತ್ತಿದ್ದ ಬೀನ್ಸನ್ನು ಕೆಳಗಿಟ್ಟಳು. ರೋಗದ ಬೇರು ಸಿಕ್ಕಿತ್ತು, ಮದ್ದು ಮಾತ್ರ ಗೊತ್ತಿರಲಿಲ್ಲ. ಹದಿನೈದು ವರ್ಷ ಒಂದು ಸ್ವರ ತಪ್ಪಿದರೆ ತಲೆಯ ಮೇಲೆ ಮೊಟಕಿಸಿಕೊಂಡ ಹುಡುಗ, ಎಕ್ಸನ್ನು ಕಿತ್ತು ಝೆಡ್ ಇಡು ಎಂದರೆ ಹೇಗೆ ಇಟ್ಟಾನು?

ಬಾಯಿಂದ ಆಗದ್ದು ಕಣ್ಣಿಂದ ಆಗಲಿ ಎಂದು ಇನ್ನೊಂದು ಬೆಳಗ್ಗೆ ಬಾಗಿಲ ಮುಂದೆ ರಂಗೋಲಿ ಪುಡಿಯಲ್ಲಿ ಒಂದು ಬಾಗಿದ ಗೆರೆ ಎಳೆದಳು. ಅದರ ಮೇಲೆ ಎರಡು ಚುಕ್ಕಿ ಇಟ್ಟು, ಎರಡನ್ನೂ ಸೇರಿಸಿ ಒಂದು ನೇರ ಗೆರೆ.

"ನೋಡು, ಈ ಎರಡನೇ ಚುಕ್ಕಿ ಮೊದಲನೇದರ ಹತ್ರ ಹತ್ರ ಬರುತ್ತೆ. ಹಾಗೆ ಬಂದಂಗೆ ಈ ಗೆರೆ ತಿರುಗ್ತಾ ಹೋಗುತ್ತೆ. ಅಳಿಸಿ ಹತ್ರ ಇಡು."

"ರಂಗೋಲಿ ಅಳಿಸೋದಾ? ಮುಂಬಾಗಿಲಲ್ಲಾ?"

"ಅಯ್ಯೋ ರಾಮ! ನಾನೇ ಅಳಿಸ್ತೀನಿ ಸರಿ." ಸೆರಗಿನ ತುದಿಯಿಂದ ಒರೆಸಿ, ಚುಕ್ಕಿಯನ್ನು ಹತ್ತಿರ ಇಟ್ಟಳು. ಮತ್ತೂ ಹತ್ತಿರ.

"ಆಮೇಲೆ ಸೇರುತ್ತಾ?"

"ಸೇರಲ್ಲ."

"ಸೇರಲ್ಲ ಅಂದ್ಮೇಲೆ ಯಾಕೆ ಬರುತ್ತೆ ಅಕ್ಕ ಪಾಪ?"

ವಾರಿಜಾ ಹಣೆಗೆ ಕೈ ಹಚ್ಚಿಕೊಂಡಳು. ಹಣೆಯೆಲ್ಲ ರಂಗೋಲಿ ಪುಡಿಯಾಯಿತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಗೊಂಬೆಗೆ ಜಡೆ ಹಾಕುತ್ತಿದ್ದ ಭಾಮಾ ತಲೆಯೆತ್ತದೆ ಹೇಳಿದಳು: "ಆ ಚುಕ್ಕಿ ಮಡೀಲಿದೆ. ಅದಕ್ಕೇ ಮುಟ್ಟಿಸ್ಕೊಳ್ಳಲ್ಲ."

ಬದರಿಯ ಮುಖ ಬೆಳಗಿತು. "ಹಾಗನ್ನಿ ಮತ್ತೆ! ಎಷ್ಟು ಹತ್ರ ಬೇಕಾದ್ರೂ ಬರಬಹುದು, ಮುಟ್ಟೋ ಹಾಗಿಲ್ಲ. ಟೆಂಡ್ಸ್ ಟು ಜೀರೊ ಅಂದ್ರೆ ಅದೇನಾ?"

ಅದೇ ಎನ್ನಲು ವಾರಿಜಾಗೆ ಮನಸ್ಸೊಪ್ಪಲಿಲ್ಲ, ಅಲ್ಲವೆನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ಪುಟ್ಟೇನಹಳ್ಳಿಯಿಂದ ಸೊಪ್ಪು ತರುವ ಸೊಣ್ಣಮ್ಮ ಬುಟ್ಟಿ ಇಳಿಸಿ, ಸೊಂಟಕ್ಕೆ ಕೈಕೊಟ್ಟು ನಿಂತಳು.

"ಇದೇನವ್ವಾ ಇಂಗ್ ಸೊಟ್ಟ ರಂಗೋಲಿ ಬುಟ್ಟಿದ್ದೀರಿ? ಲಕ್ಷ್ಮಿ ದಾರಿ ತೆಪ್ಪುಸ್ಕೊಂಡು ಪಕ್ಕದ್ಮನೆಗೆ ಒಂಟೋಯ್ತಾಳೆ ಅಷ್ಟೇಯ."

"ರಂಗೋಲಿ ಅಲ್ಲ ಸೊಣ್ಣಮ್ಮ, ಈ ಅಯ್ಯನೋರ ಪಾಠ."

"ಓ, ದಿನಾ ಒತ್ತಾರೆ ಅದೇನೋ ಪೂಜೆ ಮಾಡ್ತಾರಲ್ಲ, ಆ ದೇವ್ರುದಾ? ಮಕಾನೂ ಇಲ್ಲ ಮೂತೀನೂ ಇಲ್ಲ, ಬರೀ ಸೊಟ್ಟ ಬೆನ್ನು! ತಗಳಿ, ಎಳೇ ದಂಟು ತಂದಿವ್ನಿ."

ಆ ದಿನ ವಾರಿಜಾ ಡೈರಿಯಲ್ಲಿ ಬರೆದದ್ದು ಇಷ್ಟೆ: "ಬದರಿಗೆ ಇವತ್ತೂ ಅರ್ಥವಾಗಲಿಲ್ಲ. ದಂಟಿನ ಹುಳಿಗೆ ಉಪ್ಪು ಎರಡು ಸಲ ಹಾಕಿದೆ. ಭಾಮಾಗೆ ನೆಗಡಿ ಕಡಿಮೆ."

ಹೊಸ ವರ್ಷ ಕಳೆದು ಸಂಕ್ರಾಂತಿಯ ಎಳ್ಳು ಮುಗಿಯುವ ಹೊತ್ತಿಗೆ ವಾರಿಜಾಳ ಸಹನೆಯೂ ಮುಗಿಯುತ್ತ ಬಂತು. ಬೆಳಗ್ಗೆ ನಲ್ಲಿಯ ನೀರು ಹಿಡಿಯುವ ಕೆಲಸ ಬದರಿ ತಾನಾಗಿ ವಹಿಸಿಕೊಂಡಿದ್ದ. ಹಿತ್ತಾಳೆಯ ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟು, ಬೆನ್ನು ಮಾಡಿ ಕುಳಿತು ಜಪ ಮಾಡುತ್ತಿದ್ದ. ಬಿಂದಿಗೆ ತುಂಬಿ ಇನ್ನೇನು ಚೆಲ್ಲಬೇಕು ಎನ್ನುವಾಗ ತಿರುಗಿಯೂ ನೋಡದೆ ಕೈಚಾಚಿ ನಲ್ಲಿ ನಿಲ್ಲಿಸುತ್ತಿದ್ದ. ಒಂದು ಹನಿ ಆಚೆ ಬೀಳುತ್ತಿರಲಿಲ್ಲ.

"ನೋಡದೇ ಹೇಗೋ ಗೊತ್ತಾಗುತ್ತೆ ನಿಂಗೆ?"

"ಸ್ವರ ಏರುತ್ತಲ್ಲ ಅಕ್ಕ. ಹೊಟ್ಟೇಲಿ ಇರೋವಾಗ ನಿಧಾನಕ್ಕೆ ಏರುತ್ತೆ. ಕುತ್ತಿಗೆಗೆ ಬಂತು ಅಂದ್ರೆ ಓಡುತ್ತೆ."

ವಾರಿಜಾ ಕೈಲಿದ್ದ ಒಗೆಯುವ ಬಟ್ಟೆಯನ್ನು ಕಲ್ಲಿನ ಮೇಲೆ ಬಿಟ್ಟು ಓಡಿಬಂದಳು. "ಬದರೀ! ಅದೇ ಕಣೋ! ನೀರು ಬೀಳೋದು ಒಂದೇ ಸಮ. ಮಟ್ಟ ಏರೋದು ಒಂದು ಕಡೆ ನಿಧಾನ, ಒಂದು ಕಡೆ ಬೇಗ. ಈ ಗಳಿಗೇಲಿ ಎಷ್ಟು ಬೇಗ ಏರ್ತಾ ಇದೆ ಅಂತ ಕೇಳಿದ್ರೆ, ಅದೇ ಡೀಎಚ್ ಬೈ ಡೀಟಿ! ಕಿವೀಲೇ ಇದೆ ನಿಂಗೆ!"

ಬದರಿ ಬಾಯಿ ತೆರೆದು ಬಿಂದಿಗೆ ನೋಡಿದ. ತಲೆದೂಗಿದ. ಕಣ್ಣಲ್ಲಿ ನೀರೇ ಬಂದ ಹಾಗಿತ್ತು. ವಾರಿಜಾಗೆ ಬೆಟ್ಟ ಹತ್ತಿದಷ್ಟು ಸಮಾಧಾನವಾಯಿತು.

ಮರುದಿನ ಬೆಳಗ್ಗೆ ಹಿತ್ತಲ ಕೋಣೆಯಿಂದ ಹೊಸ ಸಾಲೊಂದು ಕೇಳಿಸಿತು: "ಡೀಎಚ್ ಬೈ ಡೀಟಿ ಈಸ್ ಹಿತ್ತಾಳೆ ಬಿಂದಿ...ಗೆ."

ಅವಳು ಒದ್ದೆ ಕೈಯಲ್ಲೇ ಹೋಗಿ ಕೋಣೆಯ ಬಾಗಿಲು ದಬ್ಬಿದಳು. "ನಿಲ್ಸು! ನಿಲ್ಸೋ ಅದನ್ನ! ಬಿಂದಿಗೆಯನ್ನೂ ಬಾಯಿಪಾಠ ಮಾಡಿಬಿಟ್ಯಾ? ಹಿತ್ತಾಳೆದೇ ಯಾಕೆ, ನಾಳೆ ತಾಮ್ರದ ಕೊಡ ಇಟ್ರೆ ಏನ್ಮಾಡ್ತೀಯ? ಅಚ್ಚಿನ ತಪ್ಪು ಅಂತೀಯಾ?"

ಬದರಿ ತಲೆ ತಗ್ಗಿಸಿದ. "ಪುಸ್ತಕದಲ್ಲಿ..."

"ಸುಡ್ತು ನಿನ್ನ ಪುಸ್ತಕ! ನಾನೂ ಒಂದು ಕಾಲದಲ್ಲಿ ಇದನ್ನೇ ಓದ್ಬೇಕು ಅಂತ ಕನಸು ಕಂಡೋಳು. ಮೂರು ತಿಂಗಳಿಂದ ಬಡ್ಕೋತಾ ಇದೀನಿ. ಒಂದು ದಿನ, ಒಂದೇ ಒಂದು ದಿನ, ನಿನ್ನ ತಲೆಯಿಂದ ಒಂದು ಮಾತು ಬರಬಾರದಾ? ಹೋಗಿ ಪಂಚಾಂಗ ಹಿಡ್ಕೋ, ಅದಾದ್ರೂ ವರ್ಷಕ್ಕೊಂದು ಸಲ ಬದಲಾಗುತ್ತೆ!"

ಅಂದದ್ದು ಅತಿಯಾಯಿತೆಂದು ಅಂದಮೇಲೆ ಅನ್ನಿಸಿತು. ಹುಡುಗ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದ. ಜುಟ್ಟು ಬಿಚ್ಚಿಕೊಂಡು ಭುಜದ ಮೇಲೆ ಬಿದ್ದಾಗ ಮುಂಜಿಯ ವಟುವಿನಷ್ಟೇ ಚಿಕ್ಕವನಾಗಿ ಕಂಡ.

"ನಿಜ ಅಕ್ಕ," ಎಂದ. "ನಂಗೆ ಗೊತ್ತಿರೋದೆಲ್ಲ ಯಾರೋ ಹೇಳಿದ್ದು, ನಾನು ತಿರುಗಿ ಹೇಳ್ತೀನಿ. ಅಪ್ಪ ಹೇಳ್ತಾ ಇದ್ರು, ವೇದ ಯಾರೂ ಬರೆದದ್ದಲ್ಲ, ಕಂಡದ್ದು ಅಂತ. ನಾನು ಒಂದನ್ನೂ ಕಂಡಿಲ್ಲ. ಲೆಕ್ಕದಲ್ಲಾದ್ರೂ ಒಂದು ಸಲ ಕಾಣಬೇಕು ಅಂತಲೇ ಗಣಿತ ತಗೊಂಡೆ. ಇಲ್ದಿದ್ರೆ ಸಂಸ್ಕೃತ ಬಿ.ಎ. ಮಾಡಿ ಯಾವಾಗಲೋ ಮುಗಿಸ್ತಿದ್ದೆ."

ವಾರಿಜಾ ಒಳಗೆ ಹೋಗಿ ಅವನಿಗೆ ಒಂದು ಲೋಟ ಕಾಫಿ ಬೆರೆಸಿ ತಂದಿಟ್ಟಳು. ಸಕ್ಕರೆ ಒಂದು ಚಮಚ ಜಾಸ್ತಿ.

ಪರೀಕ್ಷೆಗೆ ಇನ್ನೂ ಕೆಲವು ವಾರವಿದ್ದಾಗ ಹುಣ್ಣಿಮೆಗೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಬರಬೇಕಾದ ಪುರೋಹಿತರಿಗೆ ಜ್ವರ. ಸಜ್ಜಿಗೆ ಹುರಿದಾಗಿತ್ತು, ಮಂಟಪಕ್ಕೆ ಬಾಳೆಕಂದು ಕಟ್ಟಿ ಆಗಿತ್ತು. "ಬದರಿ ಇಲ್ವೇನೇ? ಅವನನ್ನೇ ಕೂರಿಸೋಣ," ಎಂದ ತಿರುಮಲೇಶ.

ಪಂಚೆ ಉಟ್ಟು, ವಿಭೂತಿ ಹಚ್ಚಿ, ಜುಟ್ಟನ್ನು ಅಡಗಿಸದೆ ಬಿಟ್ಟು ಬಂದ ಬದರಿ ಬೇರೆಯೇ ಮನುಷ್ಯ. ಗೊಂದಲವಿಲ್ಲ, ತಡವರಿಕೆಯಿಲ್ಲ. ಪೂಜೆಯ ಪುಸ್ತಕ ವ್ಯಾಸಪೀಠದ ಮೇಲಿಟ್ಟು, "ಅಕ್ಕ, ಭಾವನ ಪಕ್ಕ ಕೂತ್ಕೊಳ್ಳಿ, ಕೈ ಮುಟ್ಟಿ," ಎಂದು ಅಪ್ಪಣೆ ಕೊಟ್ಟು ಸಂಕಲ್ಪ ಶುರುಮಾಡಿದ. ನದಿಯ ಹಾಗೆ ಹರಿಯಿತು. ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಎಲ್ಲ ಆಯಿತು. ಯಜಮಾನನ ಗೋತ್ರ, ನಕ್ಷತ್ರ ಬಂತು. ತಿರುಮಲೇಶನ ಹೆಸರು ಬಂತು, ಧರ್ಮಪತ್ನಿ ವಾರಿಜಾಳ ಹೆಸರು ಬಂತು, ಮಗಳು ಸತ್ಯಭಾಮೆಯ ಹೆಸರೂ ಬಂತು.

ವಾರಿಜಾ ಭಕ್ತಿಯಿಂದಲೇ ಕುಳಿತಿದ್ದಳು. ಕಣ್ಣು ಸುಮ್ಮನೆ ಪುಸ್ತಕದ ಮೇಲೆ ಬಿತ್ತು. ತಲೆಕೆಳಗಾಗಿ ಕಂಡರೂ ದಪ್ಪ ಅಕ್ಷರ ಓದಲಾಯಿತು. ಅಲ್ಲಿ ತಿರುಮಲೇಶನಿರಲಿಲ್ಲ. ಅಮುಕ ಗೋತ್ರ, ಅಮುಕ ನಕ್ಷತ್ರ, ಅಮುಕ ಹೆಸರಿನವನು ಎಂದಿತ್ತು. ಇಂಥವನು ಎನ್ನುವುದಕ್ಕೆ ಸಂಸ್ಕೃತದವರು ಇಟ್ಟ ಮಾತು. ಯಾರ ಮನೆಗೆ ಹೋದರೆ ಅವರ ಹೆಸರನ್ನು ಅಲ್ಲಿ ತುಂಬಿಕೊಳ್ಳಬೇಕು.

"ನಿಲ್ಸು!" ಎಂದಳು.

ಬದರಿ ಅರ್ಧದಲ್ಲೇ ನಿಂತ. ತಿರುಮಲೇಶನ ಅಂಗೈಯ ಅಕ್ಷತೆ ಉದುರಿತು. "ಏನೇ ಇದು, ಪೂಜೆ ಮಧ್ಯೆ!"

"ಒಂದ್ನಿಮಿಷ ಇರೀಂದ್ರೆ. ಬದರಿ, ಪುಸ್ತಕದಲ್ಲಿ ಏನಿದೆ ಓದು."

"ಅಮುಕ ಅಂತಿದೆ ಅಕ್ಕ."

"ನೀನೇನಂದೆ?"

"ತಿರುಮಲೇಶ ಅಂದೆ."

"ಅಕ್ಷರ ಬದಲಾಯಿಸಬಾರದು ಅಂತಿದ್ಯಲ್ಲ!"

ಬದರಿಗೆ ನಗು ಬಂತು. ಏನೂ ತಿಳಿಯದ ಮಗುವಿಗೆ ಹೇಳುವ ಹಾಗೆ ಹೇಳಿದ: "ಇಲ್ಲಿ ಬದಲಾಯಿಸಲೇಬೇಕು ಅಕ್ಕ. ಅಮುಕ ಅಂದ್ರೆ ಬರೀ ಜಾಗ. ಅದನ್ನೇ ಹಾಗೇ ಓದಿಬಿಟ್ರೆ ಪುಣ್ಯ ನಿಮಗೆ ಬರಲ್ಲ."

"ಮತ್ಯಾರಿಗೆ ಹೋಗುತ್ತೆ?"

"ಅಮುಕನಿಗೆ!"

"ಹಾಗಾದ್ರೆ ಹೋದ ಸಲ ಹದಿಮೂರು ಅಡಿ ಏಣಿ ಬರೆದ್ಯಲ್ಲ, ಆ ಮಾರ್ಕ್ಸು ಯಾರಿಗೆ ಹೋಯ್ತು?"

ದೀಪದ ಬತ್ತಿ ಚಟಚಟ ಎಂದಿತು. ಬದರಿಯ ನಗು ಹಾಗೇ ನಿಂತಿತು. ಬಾಯಿ ಸ್ವಲ್ಪ ತೆರೆದುಕೊಂಡಿತು. ಕಣ್ಣು ಪುಸ್ತಕದಿಂದ ವಾರಿಜಾಳ ಕಡೆಗೆ, ಅಲ್ಲಿಂದ ಕಲಶದ ಕಡೆಗೆ, ಅಲ್ಲಿಂದ ಎಲ್ಲಿಗೋ ಹೋಯಿತು.

"ಎಕ್ಸ್ ಅಂದ್ರೆ... ಅಮುಕನಾ ಅಕ್ಕ?"

"ಹೌದು ಕಣೋ ಮಾರಾಯ!"

"ಏಣಿ ಅಂದ್ರೆ ಅಮುಕ ಏಣಿ?"

"ಹೌದು!"

"ಮತ್ತೆ ಇಷ್ಟು ದಿನ ಯಾರೂ ಹೇಳಲೇ ಇಲ್ವಲ್ಲ!"

"ನಾಲ್ಕು ತಿಂಗಳಿಂದ ಇನ್ನೇನು ಹೇಳ್ತಿದ್ದೆ ನಾನು?"

"ನೀವು ವೇರಿಯಬಲ್ ಅಂದ್ರಿ."

ತಿರುಮಲೇಶ ಕೈಮುಗಿದು, "ಸ್ವಾಮೀ, ನನ್ನ ಪುಣ್ಯಾನ ಮೊದಲು ನನಗೆ ಕೊಡಿಸಿ, ಆಮೇಲೆ ನಿಮ್ಮ ಏಣಿ ಹತ್ತಿ," ಎಂದ. ಪೂಜೆ ಮುಂದುವರಿಯಿತು. ಆದರೆ ಪುರೋಹಿತನ ಮನಸ್ಸು ಅಲ್ಲಿರಲಿಲ್ಲ. ನೈವೇದ್ಯಕ್ಕೆ ಮೊದಲೇ ಮಂಗಳಾರತಿ ಎತ್ತಲು ಹೋದ. ಭಾಮಾ, "ಮಾಮ, ಸಜ್ಜಿಗೆ ಇನ್ನೂ ಕೊಟ್ಟಿಲ್ಲ ದೇವರಿಗೆ," ಎಂದು ತಡೆದಳು.

ಅಷ್ಟಕ್ಕೇ ಎಲ್ಲ ಸರಿಹೋಯಿತೆಂದರೆ ಸುಳ್ಳಾದೀತು. ವಾರಿಜಾಗೆ ತಲೆನೋವು ಬೇರೆ ದಾರಿಯಲ್ಲಿ ಬಂತು. ಇಷ್ಟು ದಿನ ಒಂದಕ್ಷರ ಮುಟ್ಟದವನು ಈಗ ಸಿಕ್ಕಸಿಕ್ಕದ್ದನ್ನೆಲ್ಲ ಬದಲಾಯಿಸತೊಡಗಿದ.

"ಪೈ ಬದಲು ಐದು ಹಾಕಿದೆ ಅಕ್ಕ."

"ಪೈ ಅಮುಕ ಅಲ್ವೋ! ಅದು ಓಂ ಇದ್ದ ಹಾಗೆ. ಯಾರ ಮನೆಗೆ ಹೋದ್ರೂ ಅದೇ."

"ಹಾಗೆ ಮೊದಲೇ ಹೇಳಬಾರದಾ!"

"ಇನ್ನು ಏನೇನು ಹೇಳ್ಬೇಕೋ ನಿಂಗೆ ಮೊದಲೇ! ಹೆರಳು ಹಾಕ್ಕೊಳ್ಳೋಕೂ ಬಿಡಲ್ವಲ್ಲ!"

ಹಿತ್ತಲ ಕೋಣೆಯ ಪಠಣ ಮಾತ್ರ ದಿನದಿನಕ್ಕೆ ಕಡಿಮೆಯಾಯಿತು. ನಡುನಡುವೆ ಮೌನ, ಸ್ಲೇಟು ಒರೆಸುವ ಸದ್ದು, ತಾನೇ ತನಗೆ ಬೈದುಕೊಳ್ಳುವ ಸದ್ದು. "ಬದರಿ ಮಾಮನ ದೇವರು ಮಾತು ಬಿಟ್ಟಿದೆ," ಎಂದು ಭಾಮಾ ವರದಿ ಕೊಟ್ಟಳು.

ಪರೀಕ್ಷೆಗೆ ಹತ್ತಿರವಾದಾಗ ಒಂದು ಬೆಳಗ್ಗೆ ನಲ್ಲಿಯ ಬಳಿಯಿಂದ ಅವನು ಕೂಗಿದ ಕೂಗಿಗೆ ವಾರಿಜಾ ಹಾವು ಬಂತೇನೋ ಎಂದು ದೊಣ್ಣೆ ಹಿಡಿದೇ ಓಡಿದಳು. ಆ ಬಯಲಲ್ಲಿ ಅದೇನು ಹೊಸದಲ್ಲ. ಬದರಿ ನಲ್ಲಿಯ ಕೆಳಗೆ ಬಿಂದಿಗೆ, ಕೊಡ, ಹಂಡೆ, ಚೊಂಬು, ಭಾಮಾಳ ಆಟದ ಕುಡಿಕೆ, ಎಲ್ಲ ಸಾಲಾಗಿಟ್ಟು ಒಂದೊಂದಕ್ಕೂ ನೀರು ಬಿಡುತ್ತಿದ್ದ. ಅಂಗಳವೆಲ್ಲ ಕೆಸರು.

"ಅಕ್ಕ, ಯಾವ ಪಾತ್ರೆ ಆದ್ರೂ ಅಡ್ಡಿ ಇಲ್ಲ! ನೀರಿರೋ ಮಟ್ಟದಲ್ಲಿ ಪಾತ್ರೆ ಎಷ್ಟು ಅಗಲ ಅಂತ ಗೊತ್ತಿದ್ರೆ ಸಾಕು. ಅಗಲ ಜಾಸ್ತಿ ಇದ್ರೆ ಏರೋದು ನಿಧಾನ, ಕಡಿಮೆ ಇದ್ರೆ ಬೇಗ. ಬೀಳೋ ನೀರನ್ನ ಆ ಮಟ್ಟದ ಹರವಿನಿಂದ ಭಾಗಿಸಿದ್ರೆ ಡೀಎಚ್ ಬೈ ಡೀಟಿ! ಅಮುಕ ಪಾತ್ರೆ ಅಕ್ಕ!"

"ಎಲ್ಲಿ ಓದಿದೆ ಇದನ್ನ?"

"ಎಲ್ಲೂ ಇಲ್ಲ," ಎಂದ ಬದರಿ. ಹೇಳಿದ ಮೇಲೆ ಅವನಿಗೇ ಅದು ಕೇಳಿಸಿತು. ಒದ್ದೆ ಪಂಚೆಯಲ್ಲಿ ಕೆಸರಿನ ನಡುವೆ ಸುಮ್ಮನೆ ನಿಂತ.

ವಾರಿಜಾ ದೊಣ್ಣೆ ಕೆಳಗಿಟ್ಟಳು. ಬಾಯಿಂದ ಬಂದದ್ದು ಮಾತ್ರ, "ಅಷ್ಟೂ ನೀರು ಮುಗಿಸಿಬಿಟ್ಯಲ್ಲೋ, ಈಗ ನಾನು ಅಡುಗೆ ಮಾಡೋದು ಹೇಗೆ?" ಎಂಬ ಮಾತು.

ಪರೀಕ್ಷೆಯ ದಿನ ಅವನು ತಿರುಮಲೇಶನ ಹಳೆಯ ಕೋಟು ಹಾಕಿ, ಮೊಸರು ಸಕ್ಕರೆ ತಿಂದು ಸೈಕಲ್ ಹತ್ತಿದ. ವಾರಿಜಾ ಬೆಳಗಿನಿಂದ ಒಂದೂ ಕೆಲಸ ನೆಟ್ಟಗೆ ಮಾಡಲಿಲ್ಲ. ಒಗ್ಗರಣೆ ಸೀದಿತು. ಹಾಲಿಗೆ ಹೆಪ್ಪು ಹಾಕುವ ಬದಲು ಹುಣಿಸೆರಸ ಹಾಕಿದಳು. ಸಂಜೆ ಗೇಟಿನ ಸದ್ದಾದಾಗ ಬಾಗಿಲಲ್ಲೇ ಇದ್ದಳು.

"ಏನಾಯ್ತೋ?"

"ಏಣಿ ಬಂದಿತ್ತಕ್ಕ."

"ಎಷ್ಟು ಅಡಿ?"

"ಹತ್ತು ಅಡೀದು. ಬರೀ ಎಕ್ಸೂ ಅಲ್ಲ, ಅದೇನೋ ಪಿ, ಕ್ಯೂ ಅಂತ ಹೆಸರು ಬೇರೆ ಇಟ್ಟಿದ್ರು. ಇರಲಿ ಅಂತ ಅವರ ಏಣೀನೇ ಇಳಿಸಿದೆ." ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತ ಸೇರಿಸಿದ: "ಇಂಟಿಗ್ರೇಷನ್‌ದು ಎರಡು ಲೆಕ್ಕ ಬಿಟ್ಟೆ. ಇನ್ನೊಂದು ಅರ್ಧ ಆಯ್ತು. ಪಾಸಾಗುತ್ತೋ ಇಲ್ವೋ ಗೊತ್ತಿಲ್ಲ."

ಹಿಂದಿನೆರಡು ಸಲವೂ ಅವನು ಫಸ್ಟ್ ಕ್ಲಾಸ್ ಖಂಡಿತ ಎಂದು ಊರಿಗೆ ಕಾಗದ ಬರೆದವನು. ಗೊತ್ತಿಲ್ಲ ಎಂದದ್ದು ಇದೇ ಮೊದಲು. ವಾರಿಜಾಗೆ ಅದೇ ಧೈರ್ಯ ಕೊಟ್ಟಿತು.

ಬೇಸಗೆಯೆಲ್ಲ ಕಾದರು. ಬದರಿ ಊರಿಗೆ ಹೋಗಿ ಅಪ್ಪನ ಜೊತೆ ಮದುವೆ ಮುಂಜಿಗಳನ್ನು ಮಾಡಿಸಿ, ಬಿಸಿಲಿಗೆ ಕಪ್ಪಾಗಿ ಬಂದ. ಫಲಿತಾಂಶ ಪತ್ರಿಕೆಯಲ್ಲಿ ಬಂದ ಬೆಳಗ್ಗೆ ವಾರಿಜಾ ದೋಸೆಗೆ ರುಬ್ಬುತ್ತಿದ್ದಳು. ಒರಳಿನ ಮುಂದೆ ಕಾಲುಚಾಚಿ ಕುಳಿತಿದ್ದಳು, ಮೊಣಕೈವರೆಗೆ ಹಿಟ್ಟು. ಬದರಿ ಓಡಿಬಂದು ಪತ್ರಿಕೆಯನ್ನು ಅವಳ ಮುಖದ ಹತ್ತಿರ ಹಿಡಿದ. ಮೊದಲ ದರ್ಜೆಯಲ್ಲಿ ಅವನ ನಂಬರಿರಲಿಲ್ಲ, ಎರಡನೆಯದರಲ್ಲೂ ಇಲ್ಲ. ಮೂರನೆಯ ದರ್ಜೆಯ ಉದ್ದದ ಸಾಲಿನಲ್ಲಿ, ಮಡಿಕೆ ಬಿದ್ದ ಕಡೆ ಅಳಿಸಿದ ಹಾಗೆ, ಇತ್ತು.

"ಇದ್ಯಲ್ಲೋ!" ಹಿಟ್ಟಿನ ಕೈಯಲ್ಲೇ ಅವನ ಬೆನ್ನಿಗೆ ಒಂದು ಗುದ್ದಿದಳು. ಅಂಗಿಯ ಮೇಲೆ ಐದು ಬೆರಳೂ ಮೂಡಿದವು. "ಭಾಮಾ, ಬಾರೇ, ಮಾಮ ಪಾಸು! ಅಪ್ಪಂಗೆ ಕಾಗದ ಹಾಕ್ದೇನೋ? ಮೇಷ್ಟ್ರ ಕೆಲಸ ಯಾವಾಗಿಂದ?"

"ಪಾಸಾದ್ರೆ ಸೋಮವಾರವೇ ಬಂದು ಸೇರಿ ಅಂದಿದ್ರು."

"ಸದ್ಯ! ಗೆದ್ದೆ ನಾನು. ಇನ್ನು ಆ ಪುಸ್ತಕಾನ ಹಂಡೆ ಒಲೆಗೆ ಹಾಕು. ನಿಂಗೂ ಬಿಡುಗಡೆ, ನಂಗೂ ಬಿಡುಗಡೆ. ಇಷ್ಟು ತಿಂಗಳಿಂದ ಒಂದು ಹೊತ್ತಿನ ಸಾರು ನೆಟ್ಟಗೆ ಮಾಡಿಲ್ಲ ನಾನು."

ಬದರಿ ಹೋಗಲಿಲ್ಲ. ಬಾಗಿಲಿಗೆ ಒರಗಿ, ಪತ್ರಿಕೆಯನ್ನು ಚಿಕ್ಕದಾಗಿ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಇನ್ನೇನಪ್ಪಾ?" ಎಂದಳು ವಾರಿಜಾ, ಗುಂಡನ್ನು ಮತ್ತೆ ತಿರುಗಿಸುತ್ತ. "ಕಾಫಿ ಬೇಕಾದ್ರೆ ಸ್ವಲ್ಪ ತಡಿ."

"ಕಾಫಿ ಅಲ್ಲ ಅಕ್ಕ. ಒಂದು ಉಪಕಾರ ಆಗಬೇಕಿತ್ತು. ಬೈಬಾರದು."

"ಹೇಳು, ರುಬ್ಬೋದು ನಿಲ್ಲದ ಹಾಗಿದ್ರೆ ಹೇಳು."

"ಒಂದು ಲೆಕ್ಕ ಕೊಡಿ ಅಕ್ಕ," ಎಂದ ಬದರಿ. "ಪುಸ್ತಕದಲ್ಲಿ ಇಲ್ಲದ್ದು."